ಒಂದೇ ಜೊತೆ ಗ್ಲೌಸು

ದರ್ಜಿಯಮ್ಮನ ಮಗಳು ಹುಡುಗಿಯರ ಫುಟ್‌ಬಾಲ್ ತಂಡದ ಗೋಲ್‌ಕೀಪರ್. ಮಗಳು ಗೋಲು ಕಾದರೆ ಅಮ್ಮ ಮಗಳನ್ನು ಕಾಯುತ್ತಿದ್ದಳು. ಅಭ್ಯಾಸವಿದ್ದ ದಿನವೆಲ್ಲ ಅಂಗಡಿಗೆ ಬೀಗ ಜಡಿದು, ಮೈದಾನದ ಅಂಚಿನ ಬೆಂಚಿನ ಮೇಲೆ ಕೈಚೀಲ ಅವುಚಿಕೊಂಡು ಕೂತೇ ಇರುತ್ತಿದ್ದಳು. ಚೀಲದೊಳಗೆ ಪೆನ್ನಿನಂಥ ಎರಡು ಇಂಜೆಕ್ಷನ್. ಹುಡುಗಿಗೆ ಕಡಲೆಬೀಜ ಆಗದು. ಆಗದು ಎಂದರೆ ಒಂದಿಷ್ಟು ತುರಿಕೆ ಬಂದು ಹೋಗುವ ಬಾಬತ್ತಲ್ಲ. ಮೂರು ವರ್ಷದವಳಿದ್ದಾಗ ಯಾರೋ ಅಕ್ಕರೆಯಿಂದ ಕೊಟ್ಟ ಚಾಕೊಲೇಟು ತಿಂದು, ಗಂಟಲು ಕಟ್ಟಿ, ತುಟಿ ನೀಲಿಗಟ್ಟಿ, ಇನ್ನೇನು ಮಗು ಕೈಬಿಟ್ಟೇ ಹೋಯಿತು ಎನ್ನುವಷ್ಟರಲ್ಲಿ ಆಸ್ಪತ್ರೆ ಸಿಕ್ಕಿತ್ತು. ಅಂದಿನಿಂದ ಆ ತಾಯಿ ಸೆರಗಿನಲ್ಲಿ ಕೆಂಡ ಕಟ್ಟಿಕೊಂಡೇ ಬದುಕುತ್ತಿದ್ದಳು. ಅವಳನ್ನು ನೋಡಿ ನಗುವವರೂ ಇದ್ದರು. ನಗಲಿ ಬಿಡಿ, ಅವರ ಗಂಟೇನು ಹೋಗುತ್ತೆ!

ಈಗ ಬೇರೆ ಊರಿನಲ್ಲಿ ಪಂದ್ಯ ಬಂದಿತ್ತು. ವ್ಯಾನಿನಲ್ಲಿ ಹುಡುಗಿಯರಿಗೂ ಕೋಚ್‌ಗೂ ಮಾತ್ರ ಜಾಗ. ದರ್ಜಿಯಮ್ಮ ಒಂದೇ ಏಟಿಗೆ "ಬೇಡ" ಅಂದುಬಿಟ್ಟಳು. ಮಗಳು ಅತ್ತಳು, ಊಟ ಬಿಟ್ಟಳು, ಕಡೆಗೆ ಮಾತನ್ನೂ ಬಿಟ್ಟಳು. ಕೋಚ್ ತಾನೇ ಅಂಗಡಿಗೆ ಬಂದಳು. ದಪ್ಪನೆಯ ಹೆಂಗಸು, ಮೆಲ್ಲಗೆ ಮಾತಾಡಿದರೂ ಬೀದಿಗೆಲ್ಲ ಕೇಳಿಸುವ ಗಂಟಲು.

"ಅಕ್ಕಾ, ನಾಳಿದ್ದು ಪಂದ್ಯ. ನಿಮ್ಮ ಮಗಳಿಲ್ದೆ ಹೋದ್ರೆ ನಮ್ಮದು ಅರ್ಧ ಬಾಗಿಲಿನ ಮನೆ."

"ನಿಮ್ಮ ಹುಡುಗೀರು ಒಬ್ರ ಕೈಯಿಂದ ಒಬ್ರು ಕಿತ್ಕೊಂಡು ತಿನ್ನೋರು. ನಾನು ಕಳಿಸಲ್ಲ."

"ತಂಡಕ್ಕೆಲ್ಲ ಬರೀ ಬಾಳೆಹಣ್ಣು ಅಂತ ಯಾವತ್ತೋ ಮಾಡಿದೀನಲ್ಲ! ಅವಳೊಬ್ಬಳಿಗೆ ಬೇರೆ ಡಬ್ಬಿ, ಬೇರೆ ಮೂಲೆ ಅಂತ ನಾನು ಇಟ್ಟಿಲ್ಲ."

"ಯಾರಾದ್ರೂ ಮರೆತ್ರೆ?"

ಕೋಚ್ ಮೇಜಿನ ಮೇಲಿದ್ದ ಟೇಪನ್ನು ಬೆರಳಿಗೆ ಸುತ್ತುತ್ತ, "ಸಂಜೆ ಕೊನೇ ಅಭ್ಯಾಸ. ಬಂದು ನೋಡಿ," ಎಂದಳು.

"ದಿನಾ ನೋಡ್ತೀನಲ್ಲ!"

"ನೀವು ನೋಡೋದು ನಿಮ್ಮ ಮಗಳನ್ನ. ಇವತ್ತು ಮಿಕ್ಕವರನ್ನೂ ಸ್ವಲ್ಪ ನೋಡಿ. ಆಮೇಲೂ ಬೇಡ ಅಂದ್ರೆ ನಾನು ತುಟಿಪಿಟಕ್ ಅನ್ನಲ್ಲ."

ಆ ತಂಡದಲ್ಲಿ ಇನ್ನೊಬ್ಬ ಕೀಪರ್ ಇದ್ದಳು. ಎಲ್ಲರೂ ಅವಳನ್ನು ಕರೆಯುತ್ತಿದ್ದದ್ದು ತಿಂಡಿಪೋತಿ ಎಂದು, ಅವಳಿಗೂ ಅದರಲ್ಲಿ ಬೇಸರವಿರಲಿಲ್ಲ. ಇಬ್ಬರಿಗೂ ಒಂದೇ ಜೊತೆ ಗ್ಲೌಸು. ಅರ್ಧ ಹೊತ್ತು ಒಬ್ಬಳು ಗೋಲಿಗೆ ನಿಂತು, ಉಳಿದರ್ಧಕ್ಕೆ ಬಿಚ್ಚಿ ಇನ್ನೊಬ್ಬಳಿಗೆ ಕೊಡುವುದು. ಚೆಂಡು ಜಾರಬಾರದೆಂದು ಗ್ಲೌಸಿನ ಅಂಗೈಗೆ ತೂ ಎಂದು ಉಗುಳಿ ತಿಕ್ಕಿಕೊಳ್ಳುವುದು ಕೋಚ್ ಹೇಳಿಕೊಟ್ಟ ವಿದ್ಯೆ. ಎರಡನೆಯ ಗ್ಲೌಸಿನ ಪಟ್ಟಿಯನ್ನು ಹಲ್ಲಲ್ಲಿ ಕಚ್ಚಿ ಬಿಗಿಯುವುದು ಮಕ್ಕಳು ತಾವೇ ಕಲಿತದ್ದು.

ಆ ಸಂಜೆ ಕೋಚ್ ಸೀಟಿ ಊದಿದಳು. ಸರದಿ ಬದಲಾಯಿತು. ಮಗಳು ಕೈ ಚಾಚಿಕೊಂಡು ಓಡಿ ಬಂದಳು. ತಿಂಡಿಪೋತಿ ಗ್ಲೌಸನ್ನು ಬೆನ್ನ ಹಿಂದೆ ಮುಚ್ಚಿಟ್ಟುಕೊಂಡು ಚೀರಿದಳು.

"ಬರಬೇಡ ಕಣೇ! ಅಲ್ಲೇ ನಿಂತ್ಕೋ! ನಾನು ಬರೋ ದಾರೀಲಿ ಕಡಲೆಬೀಜ ತಿಂದೆ. ಉಗುಳಿಬಿಟ್ಟಿದೀನಿ ಇದಕ್ಕೆ!"

ದರ್ಜಿಯಮ್ಮ ಬೆಂಚಿನಿಂದ ಧಡಕ್ಕನೆ ಎದ್ದಳು. ಅಂಗಡಿಯಿಂದ ತಂದ ಪ್ರತಿ ಪೊಟ್ಟಣವನ್ನೂ ಓದಿದವಳು, ಕಂಡವರ ಡಬ್ಬಿಗೆಲ್ಲ ಮೂಗಿಟ್ಟವಳು, ಆ ಉಗುಳನ್ನು ದಿನಾ ಕಣ್ಣಾರೆ ನೋಡಿಯೂ ಸುಮ್ಮನೆ ಕೂತಿದ್ದಳು. ಹೊಳೆದೇ ಇರಲಿಲ್ಲ! ಕೋಚ್ ಮುಖವೂ ಬಿಳಿಚಿಕೊಂಡಿತ್ತು, ತಾನೇ ಕಲಿಸಿದ ವಿದ್ಯೆಯಲ್ಲವೇ ಅದು. ದೊಡ್ಡವರಿಬ್ಬರೂ ಕಂಬದ ಹಾಗೆ ನಿಂತಿದ್ದಾಗ ಹುಡುಗಿಯರು ಕೆಲಸಕ್ಕೆ ಇಳಿದಾಗಿತ್ತು. ಒಬ್ಬಳು ಸೋಪು ತಂದಳು, ಇನ್ನೊಬ್ಬಳು "ಚೆಂಡೂ ತೊಳೀಬೇಕು, ಅವಳು ಹಿಡಿದಿದ್ದಾಳೆ" ಎಂದು ಅದನ್ನು ಕಾಲಲ್ಲೇ ತಳ್ಳಿಕೊಂಡು ನಲ್ಲಿಗೆ ಹೋದಳು. ಯಾರೂ ತಿಂಡಿಪೋತಿಯನ್ನು ಬೈಯಲಿಲ್ಲ. ಮಗಳು ದೂರ ನಿಂತು ಸೊಂಟದ ಮೇಲೆ ಕೈಯಿಟ್ಟು ಕೂಗಿದಳು: "ಅಮ್ಮಾ, ನಾನು ಮುಟ್ಟೇ ಇಲ್ಲ!"

ದರ್ಜಿಯಮ್ಮ ಸರಸರನೆ ತಿಂಡಿಪೋತಿಯ ಬಳಿ ಹೋದಳು. ಹುಡುಗಿ ಕೆನ್ನೆ ಮುಚ್ಚಿಕೊಂಡು, "ಹೊಡೀಬೇಡಿ ಆಂಟಿ, ತಿನ್ನುವಾಗ ನೆನಪೇ ಆಗಲಿಲ್ಲ," ಎಂದು ಬಿಕ್ಕಿದಳು.

"ಹೊಡೆಯೋದಾ? ನಿನ್ನ ಬಾಯಿಗೆ ಸಕ್ಕರೆ ಹಾಕ್ಬೇಕು ಕಣೇ! ಮೊದಲು ಹೋಗಿ ಬಾಯಿ ತೊಳ್ಕೋ."

ಹೇಳುತ್ತಾ ಹೇಳುತ್ತಾ ಅವಳಿಗೂ ಅಳು ಬಂತು. ತನ್ನ ಎರಡು ಕಣ್ಣಿಗೆ ಬೀಳದ್ದು ಈ ಮಗುವಿಗೆ ಹೊಳೆದಿತ್ತಲ್ಲ! ಇಷ್ಟು ವರ್ಷ ತಾನೊಬ್ಬಳೇ ಕಾಯುತ್ತಿದ್ದೇನೆ ಅಂದುಕೊಂಡಿದ್ದಳು. ಚೀಲ ತೆರೆದು ಎರಡೂ ಇಂಜೆಕ್ಷನ್ ತೆಗೆದು ಕೋಚ್ ಕೈಗಿಟ್ಟಳು.

"ತೊಡೆಗೆ, ಬಟ್ಟೆ ಮೇಲಿಂದಲೇ. ಅನುಮಾನ ಬಂದ್ರೆ ಕಾಯ್ತಾ ಕೂರಬೇಡಿ. ಚುಚ್ಚಿದ ಕೂಡಲೇ ಆಸ್ಪತ್ರೆ. ಮತ್ತೆ ಇವಳಿಗೆ ಬೇರೆ ಗ್ಲೌಸು."

"ಇವತ್ತೇ ತರ್ತೀನಿ ಅಕ್ಕಾ," ಎಂದಳು ಕೋಚ್. ಆ ದೊಡ್ಡ ಗಂಟಲು ಅದೊಂದು ಸಲ ಮೆತ್ತಗಾಗಿತ್ತು.

ಪಂದ್ಯದ ದಿನ ದರ್ಜಿಯಮ್ಮ ಹೊಲಿದದ್ದಕ್ಕಿಂತ ಬಿಚ್ಚಿದ್ದೇ ಹೆಚ್ಚು. ಒಂದು ಪ್ಯಾಂಟಿನ ಕಾಲನ್ನು ತಿರುವುಮುರುವಾಗಿ ಕೂಡಿಸಿ, ಅದರ ಯಜಮಾನನನ್ನು ಎದುರಿಗೇ ಕೂರಿಸಿಕೊಂಡು ಬಿಚ್ಚುತ್ತಿದ್ದಾಗ ಫೋನು ಬಂತು. ಮಗಳು. ಬಿಕ್ಕಿ ಬಿಕ್ಕಿ ಅಳುತ್ತಿದ್ದಳು.

"ಏನಾಯ್ತೇ? ಉಸಿರಾಡೋಕೆ ಆಗ್ತಿದೆಯಾ? ಗಂಟಲು ಹೇಗಿದೆ?"

"ಗಂಟಲಿಗೇನಾಗಿದೆ? ಐದು ಗೋಲು ಬಿಟ್ಟೆ ಅಮ್ಮಾ! ಐದು! ಎಲ್ಲಾ ಸೇರಿ ನನ್ನನ್ನೇ ಬೈತಿದಾರೆ. ತಿಂಡಿಪೋತಿಯಂತೂ ನನ್ನನ್ನ ತೂತು ಬುಟ್ಟಿ ಅಂದ್ಲು!"

"ಎಲ್ಲರೂ ಬೈತಿದಾರಾ?"

"ಹೂಂ! ನೀನು ಕೋಚ್‌ಗೆ ಹೇಳು!"

"ಹೇಳಲ್ಲ. ಬೈಸ್ಕೋ, ಹೊಟ್ಟೆ ತುಂಬ ಬೈಸ್ಕೊಂಡು ಬಾ," ಎಂದು ಫೋನಿಟ್ಟಳು. ಹೋದ ಜೀವ ಬಂದಂತಾಗಿತ್ತು. ನಗು ತಡೆಯಲಾಗದೆ ಕಣ್ಣಲ್ಲಿ ನೀರು ಸುರಿಯುತ್ತಿತ್ತು.

ಪ್ಯಾಂಟಿನವನು ಗಾಬರಿಯಿಂದ ಎದ್ದು ನಿಂತ. "ಏನಮ್ಮಾ, ಏನಾದ್ರೂ ಒಳ್ಳೇ ಸುದ್ದಿನಾ?"

"ಹೂಂ ಅಣ್ಣಾ," ಎಂದಳು ದರ್ಜಿಯಮ್ಮ. "ನನ್ನ ಮಗಳು ಐದು ಗೋಲು ಬಿಟ್ಟಳಂತೆ!"