ಗಾಡಿ ತಳ್ಳುವ ಕಾಲು

ತರಕಾರಿ ಗಾಡಿ ತಳ್ಳಿಕೊಂಡು ನಮ್ಮೆಜಮಾನರು ಹತ್ತು ಬೀದಿ ಸುತ್ತುತ್ತಿದ್ದರು. ಬರಿಗೈಯಲ್ಲಿ ಮೂಲೆಯ ಅಂಗಡಿಗೆ ಕಳಿಸಿದರೆ ಮಾತ್ರ ಅರ್ಧ ದಾರಿಯಲ್ಲೇ ಯಾರದೋ ಮನೆ ಮೆಟ್ಟಿಲ ಮೇಲೆ ಕೂತುಬಿಡುತ್ತಿದ್ದರು. ಎರಡೂ ಕಾಲು ಜೋಮು, ಉರಿ. ಸ್ವಲ್ಪ ಹೊತ್ತು ಕೂತರೆ ಮಾಯ! ಇದೆಂಥ ಕಾಯಿಲೆಯೋ, ನನಗೆ ತಲೆಬುಡ ತಿಳಿಯಲಿಲ್ಲ.

"ಗಾಡಿ ತಳ್ಳೋಕಾಗುತ್ತೆ, ಸಕ್ಕರೆ ತರೋಕಾಗಲ್ವಾ ಭಾವಾ? ಒಳ್ಳೇ ನಾಟಕ," ಎಂದ ನನ್ನ ತಮ್ಮ.

ತಮಗೇನಾಗಿದೆ ಎಂದು ಇವರಿಗೂ ಗೊತ್ತಿರಲಿಲ್ಲ, ಪಾಪ.

ಎಣ್ಣೆ ತಿಕ್ಕಿದೆ, ಚಪ್ಪಲಿ ಬದಲಿಸಿದೆ. ಕೊನೆಗೆ ಗಾಡಿಯ ಭಾರವೇ ಕಾರಣವೆಂದು ನಾನೇ ತೀರ್ಮಾನಿಸಿ ಅದಕ್ಕೆ ಬೀಗ ಹಾಕಿದೆ. ನನ್ನ ತಮ್ಮ ಅದನ್ನು ಕೊಳ್ಳುವ ಗಿರಾಕಿಯನ್ನೂ ಹುಡುಕಿದ.

"ಅದನ್ನ ಮಾರಿದ್ರೆ ನಾನು ಮೂಲೆ ಸೇರಿದ ಹಾಗೇ," ಎಂದರು ಇವರು. ನಾನು ಕೇಳಲಿಲ್ಲ. ಹಗುರವಾದ ಸೊಪ್ಪಿನ ಬುಟ್ಟಿ ತಲೆಗೇರಿಸಿ, "ನೆಟ್ಟಗೆ ನಡೀರಿ" ಎಂದು ಕಳಿಸಿದೆ.

ಪಕ್ಕದ ಬೀದಿಯಲ್ಲೇ ಬಿದ್ದರು. ಅಲ್ಲಿನ ನರ್ಸಮ್ಮ ಕೈಹಿಡಿದು ಮನೆಗೆ ಕರೆತಂದರು.

"ಬಗ್ಗಿದ್ರೆ ಆರಾಮ ಅನ್ಸುತ್ತಾ ಅಣ್ಣಾ?"

"ಹೌದಮ್ಮಾ. ನೆಟ್ಟಗೆ ನಿಂತ್ರೆ ಕಾಲೇ ನಂದಲ್ಲ ಅನ್ಸುತ್ತೆ."

"ಹಾಗಾದ್ರೆ ತೊಂದ್ರೆ ಸೊಂಟದಲ್ಲಿರಬಹುದು."

"ನೋಯೋದು ಕಾಲು, ಸೊಂಟಕ್ಕೇನು ಬಂತು?" ಎಂದೆ. ನನಗೆ ಇನ್ನಷ್ಟು ಗೊಂದಲ.

"ಬೆನ್ನುಮೂಳೆ ಒಳಗಿಂದಾನೇ ಕಾಲಿಗೆ ನರ ಬರೋದು ಅಕ್ಕಾ. ವಯಸ್ಸಾಗ್ತಾ ಆ ದಾರಿ ಇಕ್ಕಟ್ಟಾಗಬಹುದು. ನೆಟ್ಟಗಿದ್ರೆ ನರ ಅದುಮಿಹೋಗುತ್ತೆ, ಬಗ್ಗಿದ್ರೆ ಒಂಚೂರು ಜಾಗ ಸಿಗುತ್ತೆ. ಗಾಡಿ ತಳ್ಳುವಾಗ ಇವರು ಬಗ್ಗಿರ್ತಾರಲ್ಲ! ಇದಕ್ಕೆ ಸ್ಪೈನಲ್ ಸ್ಟೆನೋಸಿಸ್ ಅಂತಾರೆ. ರಕ್ತನಾಳದ ತೊಂದ್ರೆಗೂ ಹೀಗಾಗಬಹುದು, ಡಾಕ್ಟರೇ ನೋಡ್ಬೇಕು."

"ಆಪರೇಷನ್ನೇ ಗತಿಯಾ?" ತಮ್ಮನ ದನಿ ಇಳಿದಿತ್ತು.

"ಎಲ್ಲರಿಗೂ ಬೇಕಾಗಲ್ಲಪ್ಪಾ."

ಡಾಕ್ಟರು ಪರೀಕ್ಷಿಸಿ, ಸ್ಕ್ಯಾನ್ ಮಾಡಿಸಿ, ಬೆನ್ನಿನ ನರದ ದಾರಿಯೇ ಇಕ್ಕಟ್ಟಾಗಿದೆ ಎಂದರು. ಮಾತ್ರೆ ಕೊಟ್ಟರು, ವ್ಯಾಯಾಮ ಕಲಿಸಿದರು, ಮಿತವಾಗಿ ಗಾಡಿ ತಳ್ಳಬಹುದು ಎಂದರು. ಗಿರಾಕಿಯನ್ನು ತಮ್ಮನೇ ವಾಪಸ್ ಕಳಿಸಿದ. ಬೀಗದ ಕೈ ಕೊಡುವಾಗ ನನಗೆ ನಾಚಿಕೆಯಾಗಿ ಅಳು ಬಂತು.

"ಅಳಬೇಡ. ಸಕ್ಕರೆ ಮಾತ್ರ ನೀನೇ ತಂದ್ಕೋ," ಎಂದು ಅವರು ನಕ್ಕರು.

ನಿಮ್ಮ ಮನೆಯಲ್ಲೂ ಯಾರಾದರೂ ನಡೆಯುತ್ತ ನಡೆಯುತ್ತ ಕೂರುತ್ತಾರಾ? ಡಾಕ್ಟರಿಗೆ ತೋರಿಸಿ. ಮೂತ್ರ, ಮಲದ ಹಿಡಿತ ತಪ್ಪಿದರೆ, ತೊಡೆಸಂದು ಮರಗಟ್ಟಿದರೆ, ಕಾಲಿನ ಬಲ ದಿಢೀರನೆ ಕುಂದಿದರೆ ಒಂದು ಕ್ಷಣವೂ ಕಾಯದೆ ಆಸ್ಪತ್ರೆಗೆ ಓಡಿ. ನಾಟಕ ಎಂದು ಮಾತ್ರ ಅನ್ನಬೇಡಿ. ನಾನು ಅವರ ತಲೆಗೆ ಬುಟ್ಟಿ ಹೊರಿಸಿದೆ, ನೀವು ಹೊರಿಸಬೇಡಿ.