ಕೌದಿಯೊಳಗಿನ ಹಸಿರು

ಮಂಜು ಇನ್ನೂ ಕಿಟಕಿಯ ಸರಳು ಬಿಟ್ಟಿಲ್ಲ, ಎಂಟೂವರೆಯಾದರೂ ಎದುರಿನ ತಂಬಾಕು ವಖಾರದ ತಗಡು ಕಾಣುತ್ತಿಲ್ಲ, ಅದರ ಘಾಟು ಮಾತ್ರ ಒದ್ದೆಯಾಗಿ ಒಳಗೆ ಬರುತ್ತಿದೆ, ನಿಪ್ಪಾಣಿಯ ಜನವರಿಯೆಂದರೆ ಹೀಗೇ, ಮೊದಲು ಸೀನು, ಆಮೇಲೆ ಸೂರ್ಯ — ಈ ಮಂಜಿಗೆ ಬಸ್ಸು ತಡವಾಗಲಿ, ಒಂದು ತಾಸು ತಡವಾಗಲಿ, ಛೇ, ಹಾಗೆ ಬೇಡಬಾರದು, ಆ ಬಸ್ಸಿನಲ್ಲಿ ರೂಪಾಲಿ ಇದ್ದಾಳೆ, ನನ್ನ ಕೂಸು, ಎಂಟು ವರ್ಷದ್ದು, ಪಕ್ಕದಲ್ಲಿ ನನ್ನ ಅತ್ತೆ ಲಕ್ಷ್ಮಿಬಾಯಿ, ಕಾಗವಾಡದಿಂದ ನಸುಕಿನಲ್ಲೇ ಹೊರಟಿದ್ದಾರೆ. ಮೈದುನ ಸುಹಾಸ ಫೋನು ಮಾಡಿದ್ದ, ವೈನಿ, ಅವ್ವ ಬರಾಕತ್ತಾಳ್ರಿ, ಮನಿ ನೋಡ್ತಾಳಂತ, ಮಾರಿ ಗಂಟ ಹಾಕ್ಕೊಂಡs ಹೋಗ್ಯಾಳ, ಸಂಭಾಳಸ್ರಿ. ನೋಡಲಿ. ನೋಡಲಿ ಎಂದೇ ಅಲ್ಲವೇ ಎರಡು ತಿಂಗಳಿಂದ ಈ ಒಂದೂವರೆ ಖೋಲಿಯನ್ನು ತಿಕ್ಕಿ ತೊಳೆದದ್ದು, ಗೋಡೆಗೆ ನಾನೇ ಹಳದಿ ಬಳಿದದ್ದು, ಕುಡಚಿಯ ದಸ್ತಗೀರಚಾಚಾನ ಹಳೇ ಸಾಮಾನಿನ ಅಂಗಡಿಯಿಂದ ಮಂಚ, ಕಪಾಟು, ಒಂದು ಕುರ್ಚಿ ಟೆಂಪೋದಲ್ಲಿ ಹೇರಿಸಿಕೊಂಡು ಬಂದದ್ದು — ಈ ಪಲಂಗ ನನಗಿಂತ ಗಟ್ಟಿ ಐತಿ ಬಾಯಿ, ಎಂದಿದ್ದ. ಮತ್ತ ಕಾಲ್ಯಾಕ ಅಲಗಾಡಾಕತ್ತೈತಿ ಚಾಚಾ? ಕಾಲಲ್ರಿ, ನಮ್ಮ ಅಂಗಡಿ ಫರಸಿ ಅಲಗಾಡಾಕತ್ತೈತಿ. ಮನೆಗೆ ತಂದ ಮೇಲೆ ನೋಡಿದರೆ ನಮ್ಮ ನೆಲದ ಫರಸಿಯೂ ಅಲಗಾಡುತ್ತಿತ್ತು, ಒಬ್ಬಳೇ ಕುಳಿತು ನಕ್ಕೆ, ಕಾಲಿನಡಿ ರಟ್ಟು ಮಡಚಿ ಇಟ್ಟೆ. ಕಪಾಟಿನ ಬಾಗಿಲೊಳಗೆ ಪೆನ್ಸಿಲಿನ ಗೆರೆಗಳಿದ್ದವು, ಯಾರದೋ ಮನೆಯ ಕೂಸು ಬೆಳೆದ ಎತ್ತರ, ಅಳಿಸಲು ಮನಸ್ಸು ಬರಲಿಲ್ಲ, ಹೊರಗಷ್ಟೇ ನೀಲಿ ಬಳಿದೆ.

ಈಗ ಮೂಗಿನಲ್ಲಿ ತಂಬಾಕಿಲ್ಲ, ಬಣ್ಣವಿಲ್ಲ, ಸುಟ್ಟ ಕೂದಲು ಇದೆ. ಒಂದು ಎಳೆ. ಒಂದೇ ಒಂದು. ಹಳೇ ಸೀರೆ ತುಂಡು ಜೋಡಿಸಿ ಕೂಸಿಗೆಂದು ಹೊಲಿದ ಕೌದಿಯನ್ನು ಮಂಚದ ಮೇಲೆ ಹಾಸಿ, ನಡುವಿನ ಹಸಿರು ತುಂಡಿನ ಅಂಚಿನಲ್ಲಿ ಚಾಚಿದ್ದ ಎಳೆಯನ್ನು ಕಡ್ಡಿ ಗೀರಿ ಸುಟ್ಟೆ, ನಾನು ಹೊಲಿಯುವ ಅಂಗಡಿಯಲ್ಲಿ ಸೀರೆಗೆ ಫಾಲ್ ಪಿಕೋ ಮಾಡುವಾಗ ದಿನಾ ಹಾಗೇ ಮಾಡುವುದು, ಹತ್ತಿಯಾದರೆ ಕಾಗದ ಸುಟ್ಟ ವಾಸನೆ, ಚಿಟಿಕೆ ಬೂದಿ — ಇದು ಮುದುಡಿತು, ಕರಿ ಮಣಿಯಾಯಿತು, ಕೂದಲು ನಾರಿತು. ಇನ್ನೊಂದು ಎಳೆ ಕಿತ್ತು ಸುಟ್ಟೆ. ಅದೇ. ರೇಷ್ಮೆ. ಭಗವಂತಾ, ರೇಷ್ಮೆ. ಹಳೇ ಸೀರೆಗೆ ಪಾತ್ರೆ ಕೊಡುವ ಸಾವಿತ್ರೆವ್ವ ಗಂಟು ಬಿಚ್ಚಿ ತೋರಿಸಿ, ಎಲ್ಲಾ ಕಾಟನ್ ಐತಿ ತಂಗಿ, ಡಬರಿಗೆ ರೇಷ್ಮಿ ಕೊಡೂವಂಥಾ ಹುಚ್ಚಿ ಯಾರದಾಳ ಹೇಳು ಎಂದಿದ್ದಳು, ಅವಳದೇನು ತಪ್ಪು, ಸಾವಿರ ಸೀರೆ ಮುಟ್ಟಿದ ಕೈ ನನ್ನದು, ಒಗೆದೊಗೆದು ಹೊಳಪು ಹೋಗಿತ್ತು ನಿಜ, ಆದರೂ ಬೆರಳಿಗೆ ತಿಳಿಯಬೇಕಿತ್ತು. ರೂಪಾಲಿ ಫೋನಿನಲ್ಲಿ ಕೇಳಿದ್ದಳು, ಮಮ್ಮಿ, ನನ್ನ ಕೌದಿ ನಡುವ ಗಿಳಿ ಹಸರ ಹಾಕ್ತಿ? ಆ ಬಣ್ಣ ಗಂಟಿನಲ್ಲಿ ಇಣುಕಿದ್ದೇ ತಡ ಬೆರಳು ಕುರುಡಾಯಿತು. ಕೌದಿಯ ಕೊನೆಯ ಮೂಲೆ ಮುಚ್ಚುವ ಮುನ್ನ ಅದರ ಹೊಟ್ಟೆ ತುಂಬಿಸಬೇಕೆಂದು ನಮ್ಮ ಅಜ್ಜಿ ಹೇಳುತ್ತಿದ್ದಳು, ಹಸಿದ ಕೌದಿ ಹೊದ್ದವರನ್ನೂ ಹಸಿವೆಯಲ್ಲೇ ಇಡುತ್ತದಂತೆ, ಒಂದು ಚೂರು ಹೋಳಿಗೆ ಇಟ್ಟು, ನಮ್ಮ ಜೈನರ ಪಂಚನಮಸ್ಕಾರ ಹೇಳುತ್ತ ಹೊಲಿದಿದ್ದೆ, ಆ ಮಂತ್ರದ ಕೆಳಗೇ ಕುದಿನೀರಲ್ಲಿ ಸತ್ತ ರೇಷ್ಮೆಹುಳುಗಳು ಮಲಗಿದ್ದವು.

ಬಿಚ್ಚಿಬಿಡಲೇ, ಬಿಚ್ಚಲು ಎಲ್ಲಿದೆ ಹೊತ್ತು, ಅಕ್ಕಿಕಾಳಿನಷ್ಟು ಸಣ್ಣ ಹೊಲಿಗೆ, ಮೂರು ಪದರ, ಕಿತ್ತರೆ ನಡುವೆ ತೂತು, ತೂತು ಬಿದ್ದ ಹಾಸಿಗೆ ತೋರಿಸಿ ಇದು ಮನೆ ಎನ್ನಲೇ? ನನ್ನ ಗಂಡ ಸಂದೇಶ ತೀರಿಹೋದ ಮೇಲೆ, ಅವನಿಲ್ಲದ ಮನೆಯಲ್ಲಿ ಎರಡು ವರ್ಷ ಉಂಡುಟ್ಟು, ನಾನು ನನ್ನ ಕಾಲ ಮೇಲೆ ನಿಲ್ಲುತ್ತೇನೆಂದು ಹೊರಟ ದಿನ ಅತ್ತೆ ಬಾಗಿಲಲ್ಲಿ ನಿಂತು ಹೇಳಿದ್ದರು, ಹೋಗೂದಿದ್ರ ಹೋಗು, ಕೂಸಿನ್ನ ಎಲ್ಲಿ ಮಲಗಸ್ತಿ, ಹೊಲಿಗಿ ಮಶೀನ್ ಕೆಳಗ? ಮೊದಲ ಮನಿ ಅಂತ ಒಂದು ಮಾಡು, ನಾ ಬಂದು ನೋಡತೀನಿ, ಮನಸಿಗೆ ಬಂತಂದ್ರ ನಾನs ನಿನ್ನ ಕೈಯಾಗ ಕೊಟ್ಟು ಬರತೀನಿ, ಅಲ್ಲೀತನಕಾ ಆಕಿ ನನ್ನ ಹಂತ್ಯಾಕ ನಿಂದೊಂದು ಒತ್ತಿ ಇಟ್ಟಂಗ. ಕೊಟ್ಟ ಮಾತು ತಪ್ಪುವವರಲ್ಲ. ಹಿಡಿದ ನೇಮವನ್ನೂ ಬಿಡುವವರಲ್ಲ, ಅದೇ ಭಯ — ಮುನಿಗಳ ಚಾತುರ್ಮಾಸದಲ್ಲಿ ಕೈಮುಗಿದು, ಸಾಯೂತನಕಾ ರೇಷ್ಮಿ ಮುಟ್ಟೂದಿಲ್ಲ ಎಂದವರು, ಸ್ವಂತ ಮದುವೆಯ ಸೀರೆಯನ್ನೇ ಕೋಲಿನಿಂದ ಎತ್ತಿ ಕೊಟ್ಟವರು. ರೇಷ್ಮೆಯಿದೆ ಎಂದು ಹೇಳಿದರೆ ಕೂಸು ಅದೇ ಬಸ್ಸಿಗೆ ಮರಳುತ್ತದೆ. ಹೇಳದಿದ್ದರೆ, ಅವರು ತಿಳಿಯದೆ ಕುಳಿತರೆ, ಎಪ್ಪತ್ತರ ಜೀವದ ನೇಮ ನನ್ನ ಕೈಯಿಂದ ಮುರಿಯುತ್ತದೆ, ಆಮೇಲೆ ಬಸದಿಯಲ್ಲಿ ಯಾವ ಮುಖ ಎತ್ತಿ ನಿಲ್ಲಲಿ. ಕೌದಿ ಎತ್ತಿದೆ. ಮಗುಚಿದೆ. ಹಸಿರು ಕೆಳಗೆ ಹೋಯಿತು, ಮೇಲೆ ಕೆಂಪು ಇಳಕಲ್ ಸೆರಗು, ಹಳದಿ ಚೌಕಡಿ, ನೀಲಿ ಓಢಣಿ. ಎಷ್ಟು ಚಂದ ಕಾಣುತ್ತದೆ ಪಾಪವೂ, ಮಗುಚಿ ಹಾಸಿದರೆ.

ಮೆಟ್ಟಿಲ ಮೇಲೆ ಹೆಜ್ಜೆ, ಒಂದು ಭಾರ, ಒಂದು ಹಗುರ. ಬರ್ರಿ ಅತ್ತಿ, ಕಾಲಿಗೆ ನೀರು ಕೊಡತೀನಿ. ಮಮ್ಮೀ ಎನ್ನುತ್ತದೆ ಕೂಸು, ಓಡಿ ಬರಲು ಆಗುತ್ತಿಲ್ಲ, ಅತ್ತೆಯ ಮುಷ್ಟಿಯೊಳಗಿದೆ ಅವಳ ಮಣಿಕಟ್ಟು, ಬಿಗಿ, ಬಸ್ ಸ್ಟ್ಯಾಂಡಿನ ಗದ್ದಲದಲ್ಲಿ ಹಿಡಿದ ಹಾಗೆಯೇ, ಇಲ್ಲಿ ಯಾವ ಗದ್ದಲವಿದೆ. ಹಾಗೆ ಹಿಡಿದೇ ನೋಡುತ್ತಾರೆ. ನಳದ ಬಾಯಿಗೆ ಕಟ್ಟಿದ ಸೋಸುವ ಬಟ್ಟೆಯನ್ನು ಬೆರಳಿನಿಂದ ಬಿಡಿಸುತ್ತಾರೆ, ಎರಡು ಪದರ ಐತಲಾ? ಐತ್ರಿ. ಬುಟ್ಟಿಯ ಮುಚ್ಚಳ ಎತ್ತುತ್ತಾರೆ, ಗಡ್ಡೆ ತಿನ್ನಬಾರದಲ್ಲ ನಾವು, ಉಳ್ಳಾಗಡ್ಡಿ ಬಟಾಟಿ ಎಲ್ಲಿ ಅಡಗಿಸಿಟ್ಟಿ? ತಂದಿಲ್ರಿ. ತರೂದಿಲ್ಲೋ, ಇವತ್ತ ತಂದಿಲ್ಲೋ? ಕೂಸು ಕಿಸಕ್ಕನೆ ನಗುತ್ತದೆ, ನಾನು ನಗಲಾರೆ. ಪರದೆ ಎಳೆದು ನೋಡುತ್ತಾರೆ, ಕುರ್ಚಿಯ ಬೆನ್ನು ತಟ್ಟುತ್ತಾರೆ, ಮಂಚ ಯಾರದೋ, ಕಪಾಟ ಯಾರದೋ, ಪಡದಾ ಊರವರ ಸೀರಿ, ಸ್ನೇಹಲ, ನಿಂದಂತ ಏನೈತೇ ಇದರಾಗ? ಹೊಲಿಗಿ ನಂದು ಅತ್ತಿ. ಬಾಯಿಂದ ಬಿದ್ದೇ ಹೋಯಿತು, ಎದುರು ಮಾತು, ಬೇಡದ ಹೊತ್ತಿನಲ್ಲಿ. ಅವರು ತಿರುಗಿ ನೋಡಿದರು. ಹೂಂ ಅಂದರು. ಮುಷ್ಟಿ ಬಿಡಲಿಲ್ಲ. ಅಜ್ಜಿ, ಕೈ ನೋಯಾಕತ್ತೈತಿ ಎಂದಿತು ಕೂಸು, ಸುಮ್ನಿರು ಎಂದರು, ಮಣಿಕಟ್ಟಿನ ಸುತ್ತ ಚರ್ಮ ಬೆಳ್ಳಗಾಗಿದೆ, ನನಗೆ ಇಲ್ಲಿಂದಲೇ ಕಾಣುತ್ತದೆ. ಮೊಣಕಾಲ ಸೋತಾವ ನೋಡು, ಒಂದೀಟು ಕೂಡತೀನಿ ಎಂದು ಮಂಚದ ಕಡೆಗೆ ತಿರುಗಿದರು — ಕುರ್ಚಿ ಇದೆಯಲ್ಲ, ಕುರ್ಚಿಗೆ ಹೋಗಿ ಅತ್ತಿ, ಕುರ್ಚಿಗೆ — ಸೆರಗು ಸಾವರಿಸಿಕೊಂಡರು, ನಡು ಬಾಗುತ್ತಿದೆ, ಈಗ ಸುಮ್ಮನಿದ್ದರೆ ಕೂಸು ನನ್ನದು, ಸುಮ್ಮನಿರು ಸ್ನೇಹಲ, ಒಂದು ಉಸಿರು ಸುಮ್ಮನಿರು —

ಕೂಡಬ್ಯಾಡ್ರಿ ಅತ್ತಿ. ನನ್ನದೇ ದನಿಯೇ ಅದು? ಅರ್ಧ ಬಾಗಿದವರು ಹಾಗೇ ನಿಂತರು. ಯಾಕ? ರೇಷ್ಮಿ ಐತ್ರಿ ಅದರಾಗ, ನಡುವಿನ ಹಸರ ತುಂಡು, ಮುಂಜಾನೆ ಎಳಿ ಸುಟ್ಟಾಗ ನಾತ ಬಂತು. ಎಲ್ಲೈತಿ ಹಸರು? ಕೆಳಗೈತ್ರಿ. ಮಗಚಿ ಹಾಸಿದ್ಯಾ? ಹೌದ್ರಿ. ನನಗ ಕಾಣಬಾರದಂತ? ಹೌದ್ರಿ. ಎದುರಿನ ವಖಾರದಲ್ಲಿ ಯಾರೋ ಸೀನಿದರು, ನೀರಿನ ಹನಿ ಬಟ್ಟೆಯಿಂದ ಕೊಡಕ್ಕೆ ಬಿತ್ತು, ಇನ್ನೊಂದು ಬಿತ್ತು. ಮತ್ತ ಈಗ ಯಾಕ ಹೇಳಿದಿ? ನೀವು ಕೂಡಾಕತ್ತಿದ್ರಿ, ನಿಮ್ಮ ನೇಮ ಹೋಗ್ತಿತ್ತು. ಕೂಸಿನ್ನ ಕರಕೊಂಡು ಹೋಗ್ತೀನಂತ ಗೊತ್ತಿದ್ದು ಹೇಳಿದ್ಯಾ? ಹೌದೆಂದು ತಲೆಯಾಡಿಸಿದೆ, ತಲೆ ಎತ್ತಲಾರೆ, ಅವರ ಪಾದ ಕಾಣುತ್ತಿದೆ, ಮಂಜಿಗೆ ಒದ್ದೆಯಾದ ಸೀರೆಯಂಚು, ಪಕ್ಕದಲ್ಲಿ ಕೂಸಿನ ಬಾಟಾದ ಚಪ್ಪಲಿಯ ಗುರುತು ಬಿದ್ದ ಪಾದ, ಆ ಎರಡು ಜೊತೆ ಪಾದ ಈಗ ಬಾಗಿಲ ಕಡೆ ತಿರುಗುತ್ತವೆ, ಈಗ, ಈಗ. ತಿರುಗಲಿಲ್ಲ. ಅತ್ತೆ ಮೆಲ್ಲಗೆ ಗೋಡೆ ಹಿಡಿದು ಫರಸಿಯ ಮೇಲೆ ಕುಳಿತರು. ಆ ತುಂಡು ನಿಧಾನಕ್ಕ ಬಿಚ್ಚು, ಗಡಿಬಿಡಿ ಮಾಡಿ ಹರೀಬ್ಯಾಡ ಎಂದರು, ದನಿ ನೀರಿನಷ್ಟು ತಣ್ಣಗೆ. ಕೂಸಿನ ಕೈಯನ್ನು ನನ್ನ ಕಡೆಗೆ ಚಾಚಿದರು, ನನ್ನ ಅಂಗೈ ಮೇಲೆ ಇಟ್ಟರು, ಆಮೇಲೆ ಬೆರಳು ಬಿಡಿಸಿದರು, ಒಂದು, ಮತ್ತೊಂದು, ಕಿರುಬೆರಳು ಕೊನೆಗೆ — ಮಮ್ಮಿ, ಮಮ್ಮಿ ಎನ್ನುತ್ತಿದೆ ಕೂಸು, ಏನೋ ಕೇಳುತ್ತಿದೆ, ನನಗೆ ಕೇಳಿಸುತ್ತಿಲ್ಲ, ಮಣಿಕಟ್ಟಿನ ಮೇಲೆ ನಾಲ್ಕು ಬೆರಳಿನ ಗುರುತು, ಬೆಳ್ಳಗೆ, ನಾಲ್ಕು, ರಕ್ತ ಇನ್ನೂ ತುಂಬಿಲ್ಲ, ನಾಲ್ಕು ಬೆರಳು, ಬೆಳ್ಳಗೆ