ಮೊದಲ ಅಡಿ ಇಲ್ಲದ ಟೇಪು

ನಾನು ಒಂದು ಉಕ್ಕಿನ ಅಳತೆ ಟೇಪು. ಹುಟ್ಟಿದಾಗ ಹದಿನಾರು ಅಡಿ ಇದ್ದೆ, ಈಗ ಹದಿನೈದು. ಆ ಒಂದು ಅಡಿಯ ದೆಸೆಯಿಂದ ಒಂದು ಓಣಿಗೆ ಓಣಿಯೇ ಕಳ್ಳರೆನಿಸಿಕೊಂಡಿತು. ಸರ್ವೇಯರ್ ಕೌಜಲಗಿಯ ಹೆಸರು ಕೇಳಿದರೆ ಇಂದಿಗೂ ನನಗೆ ಮೈಯೆಲ್ಲ ಉರಿಯುತ್ತದೆ.

ಕಾರ್ಖಾನೆಯಿಂದ ಬಂದ ನನ್ನನ್ನು ಮೊದಲು ಕೊಂಡವನು ಗೋಡೆ ಕಟ್ಟುವ ಗೌಂಡಿ ದಾವಲಸಾಬ. ನನ್ನ ತುದಿಗೆ ತುಕ್ಕು ಹಿಡಿದಾಗ ಅವನು ಮೊದಲ ಅಡಿಯನ್ನು ಕತ್ತರಿಸಿ, ತಾಮ್ರದ ತಂತಿಯ ಉಂಗುರ ಕಟ್ಟಿದ. ಅಂದಿನಿಂದ ನನ್ನ ಅಂಕಿ ಶುರುವಾಗುವುದೇ ಒಂದರಿಂದ; ಏನನ್ನು ಅಳೆದರೂ ಒಂದಡಿ ಹೆಚ್ಚೇ ತೋರಿಸುತ್ತೇನೆ. ಅಳೆದಾಗಲೆಲ್ಲ ದಾವಲಸಾಬ “ಒಂದ ಕಳಿ” ಎಂದು ಗಟ್ಟಿಯಾಗಿ ಹೇಳಿಕೊಳ್ಳುತ್ತಿದ್ದ.

ಆ ವರ್ಷ ಕೃಷ್ಣೆ ಊರೊಳಗೆ ನುಗ್ಗಿದಳು. ನೇಕಾರರ ಓಣಿಯ ಮಗ್ಗಗಳೆಲ್ಲ ನೀರಲ್ಲಿ ನಿಂತವು. ನೀರಿಳಿದ ಮೇಲೆ ವಿಮೆ ಕಂಪನಿಯ ಪರವಾಗಿ ಕೌಜಲಗಿ ಬಂದ. ಗೋಡೆಯ ಮೇಲೆ ಕೆಸರಿನ ಗೆರೆ ಎಷ್ಟು ಎತ್ತರಕ್ಕಿದೆ ಎಂದು ಅಳೆದು ಬರೆಯುವುದು ಅವನ ಕೆಲಸ. ಟೇಪನ್ನೇ ಮನೆಯಲ್ಲಿ ಮರೆತು ಬಂದಿದ್ದ ಮಹಾಶಯ! ದಾವಲಸಾಬನ ಕೈಯಿಂದ ನನ್ನನ್ನು ಕಿತ್ತುಕೊಂಡ.

“ಸಾಹೇಬ್ರ, ಅದಕ್ಕ ಮೊದಲನೇ ಫೂಟ್ ಇಲ್ರೀ. ಒಂದ ಕಳೀರಿ.”

“ನನಗ ಅಳಿಯೂದು ಕಲಸ್ತಿ ಏನಲೇ ನೀ?”

ಮೂರು ದಿನದಲ್ಲಿ ಎಪ್ಪತ್ತೆರಡು ಮನೆ ಅಳೆದ. ಮೂರಡಿ ನೀರು ನಿಂತಲ್ಲಿ ನಾಲ್ಕು ಬರೆದ, ಎರಡೂವರೆ ನಿಂತಲ್ಲಿ ಮೂರೂವರೆ. ಒಂದೇ ಒಂದು ಸಲವೂ ಕಳೆಯಲಿಲ್ಲ. ನನಗೆ ಬಾಯಿದ್ದಿದ್ದರೆ ಅರಚುತ್ತಿದ್ದೆ. ಅಳತೆ ಮುಗಿದ ಮೇಲೂ ನನ್ನನ್ನು ಹಿಂದಿರುಗಿಸಲಿಲ್ಲ; ದಾವಲಸಾಬ ಕೆಲಸಕ್ಕೆಂದು ಬೇರೆ ಊರಿಗೆ ಹೋದ.

ಪಕ್ಕದ ಓಣಿಯನ್ನು ಬೇರೊಬ್ಬ ಅಳೆದಿದ್ದ. ಎರಡಕ್ಕೂ ತಾಳೆಯಾಗಲಿಲ್ಲವೆಂದು ಹೆಡ್ಡಾಫೀಸು ನಮ್ಮ ಓಣಿಯ ಅರ್ಜಿಗಳನ್ನೆಲ್ಲ ತಡೆಹಿಡಿಯಿತು. ಕೇಳಲು ಹೋದ ಜನಕ್ಕೆ ಕೌಜಲಗಿ, “ಗ್ವಾಡಿಗೆ ನೀವ ಮ್ಯಾಲ ಕೆಸರ ಬಳಕೊಂಡೀರಿ, ಕಳ್ಳರು!” ಎಂದು ಗದರಿಸಿದ. ಗಂಡ ತೀರಿಕೊಂಡ ಮೇಲೆ ನಾಲ್ಕು ಮಗ್ಗ ನಂಬಿ ಬದುಕಿದ್ದ ನೀಲವ್ವ ಎರಡನ್ನು ಗುಜರಿಗೆ ಹಾಕಿದಳು. ವಿಮೆ ಬಾರದಿದ್ದರೆ ಉಳಿದೆರಡೂ ಅದೇ ದಾರಿ.

ಆ ಎರಡನ್ನು ಒಯ್ಯಲು ಗುಜರಿ ಗಾಡಿ ಬರುವ ದಿನವೇ ಹೆಡ್ಡಾಫೀಸಿನ ವಸುಮತಿ ಮೇಡಂ ಬಂದರು. ನೆರೆ, ಬಿರುಗಾಳಿಗಳ ನಷ್ಟದ ಅಂಕಿಗಳನ್ನು ಜೋಡಿಸಿ ನೋಡುವವರು. ಎರಡು ಓಣಿಗಳ ಅಳತೆಗೂ ಎಲ್ಲೆಡೆ ಸರಿಯಾಗಿ ಒಂದಡಿ ವ್ಯತ್ಯಾಸ ಎಂದು ಅವರು ಫೋನಿನಲ್ಲಿ ಹೇಳಿದಾಗಲೇ ಕೌಜಲಗಿಗೆ ದಾವಲಸಾಬನ ಮಾತು ನೆನಪಾಗಿತ್ತು. ಅವರಿಗಿಂತ ಮೊದಲೇ ಬಂದವನು ನೀಲವ್ವನ ಹಿತ್ತಲ ಗುಜರಿ ರಾಶಿಗೆ ನನ್ನನ್ನು ಎಸೆದ. ಹೇಡಿ!

ಅಂಗಳದಲ್ಲಿ ಮೇಡಂ ಹೇಳಿದರು: “ಸುಳ್ಳು ಹೇಳೋರು ಒಬ್ಬೊಬ್ಬರು ಒಂದೊಂದು ಹೇಳ್ತಾರೆ. ಇಲ್ಲಿ ಎಪ್ಪತ್ತೆರಡು ಮನೆಗೂ ಸರಿಯಾಗಿ ಒಂದೇ ಅಡಿ ಹೆಚ್ಚಿದೆ. ತಪ್ಪು ಜನರದ್ದಲ್ಲ, ಟೇಪಿಂದು. ಕೊಡಿ ನೋಡೋಣ.”

ಕೌಜಲಗಿ ಜೇಬಿನಿಂದ ಹೊಚ್ಚ ಹೊಸ ಟೇಪು ತೆಗೆದ. “ಇದ ನೋಡ್ರಿ ಮೇಡಂ. ಎಲ್ಲಾರೂ ಕೂಡಿ ಮಾತಾಡಿಕೊಂಡ ಬಳದಾರ ಇವರು.”

ಗೋಡೆಗಳನ್ನೆಲ್ಲ ತೊಳೆದು ಸುಣ್ಣ ಬಳಿದಾಗಿತ್ತು, ಮತ್ತೆ ಅಳೆಯಲು ಕೆಸರಿನ ಗೆರೆಯೇ ಉಳಿದಿರಲಿಲ್ಲ. ಮೇಡಂ ಮುಖ ಸಪ್ಪಗಾಯಿತು. ಫೈಲು ಮುಚ್ಚಿದರು.

ಅಷ್ಟರಲ್ಲಿ ಹಿತ್ತಲಲ್ಲಿ ಗಾಡಿಗೆ ಕಬ್ಬಿಣ ತುಂಬುತ್ತಿದ್ದ ನೀಲವ್ವನ ಕೈಗೆ ತಾಮ್ರದ ಉಂಗುರ ಸಿಕ್ಕಿತು. ನನ್ನನ್ನು ಎಳೆದು ನೋಡಿದಳು. ಅಂಕಿ ನೋಡಿದಳು, ಶುರುವೇ ಒಂದರಿಂದ. ಸೆರಗು ಸೊಂಟಕ್ಕೆ ಸಿಕ್ಕಿಸಿ ನೇರವಾಗಿ ಅಂಗಳಕ್ಕೆ ಬಂದಳು.

“ಸಾಹೇಬ್ರ, ನೀವ ನಮ್ಮ ಗ್ವಾಡಿ ಅಳದದ್ದು ಈ ಟೇಪಿಲೆ. ನೆಟ್ಟಗ ನಿಲ್ರಿ.”

ಅವನ ಹಿಮ್ಮಡಿಯ ಬಳಿ ನನ್ನ ಉಂಗುರವನ್ನು ಕಾಲಿನಿಂದ ಒತ್ತಿ ಹಿಡಿದು, ನೆತ್ತಿಯವರೆಗೆ ಎಳೆದಳು. ಕೌಜಲಗಿ ಕುಳ್ಳ.

“ಆರ ಫೂಟ್ ನಾಕ ಇಂಚು! ನೋಡ್ರಿ ಮೇಡಂ, ನಿಮ್ಮ ಸಾಹೇಬ್ರೂ ಮೈಗೆ ಕೆಸರ ಬಳಕೊಂಡಾರೇನು?”

ಓಣಿಯೆಲ್ಲ ನಕ್ಕಿತು. ಮೇಡಂ ನಗಲಿಲ್ಲ. ಅಲ್ಲೇ ನಿಂತು ಎಪ್ಪತ್ತೆರಡು ಮನೆಗೂ ಒಂದೊಂದು ಅಡಿ ಕಳೆದು ಬರೆದರು. ತುಂಬಿದ್ದನ್ನೆಲ್ಲ ಇಳಿಸಿದ ಮೇಲೆ ಗುಜರಿ ಗಾಡಿ ಖಾಲಿಯಾಗಿ ಹಿಂದಿರುಗಿತು.

ಈಗ ನಾನು ನೀಲವ್ವನ ಗೋಡೆಯ ಮೊಳೆಯಲ್ಲಿ ತೂಗುತ್ತೇನೆ. ವಿಮೆ ಬಂತು, ಎರಡು ಮಗ್ಗ ಓಡುತ್ತಿವೆ. ಮೊದಲು ಹೋದ ಎರಡರ ಜಾಗ ಖಾಲಿಯೇ ಇದೆ. ಅದನ್ನು ಕಂಡಾಗಲೆಲ್ಲ ನನ್ನ ಸಿಟ್ಟು ಹೊಸದಾಗುತ್ತದೆ. ನೀಲವ್ವ ಬಟ್ಟೆ ಅಳೆಯಲು ನನ್ನನ್ನು ಇಳಿಸಿಕೊಂಡಾಗ, ಕೌಜಲಗಿ ಕೇಳಿಸಿಕೊಳ್ಳದೆ ಹೋದ ಆ ಎರಡೇ ಮಾತನ್ನು ಗಟ್ಟಿಯಾಗಿ ಹೇಳುತ್ತಾಳೆ: “ಒಂದ ಕಳಿ.”